ಇಯರ್‌ಫೋನ್ ಕಿವಿಯಲ್ಲಿ ನಿಲ್ಲುವ ಬಗೆ
(ಗ್ರಾಮೀಣ ದಂಪತಿಗಳ ಶಿಬಿರದಲ್ಲಿ ವೈದ್ಯಾಧಿಕಾರಿಯೊಬ್ಬರು ಮಾಡಿದ ಭಾಷಣದ ಪಾಠ)



ಕುಟುಂಬ ಕಲ್ಯಾಣ ಶಿಬಿರವೆಂದೊಡನೆ ತಾಯಿ ಮಗುವಿನ ಆರೈಕೆ, ಹೆರಿಗೆಗಳ ನಡುವಣ ಅಂತರ, ಚುಚ್ಚುಮದ್ದು, ಇವುಗಳ ಮಾತನ್ನೇ ತಾವು ನಿರೀಕ್ಷಿಸಿ ಬಂದಿರುತ್ತೀರಿ. ಆ ವಿಷಯಗಳನ್ನು ಬೆಳಗಿನಿಂದ ಸಾಕಷ್ಟು ಕೇಳಿದ್ದೀರಿ. ನಾನು ಆರಿಸಿಕೊಂಡಿರುವುದು ಅಂಗಿಯ ಜೇಬಿನಲ್ಲಿ ಹಿಡಿಸುವಷ್ಟು ಚಿಕ್ಕ ವಸ್ತುವಿನ ವಿಷಯ. ಕಿವಿಯೊಳಗೆ ಇಟ್ಟುಕೊಳ್ಳುವ ಇಯರ್‌ಫೋನ್ ಇಂದು ಹಳ್ಳಿಯ ಬಹುಪಾಲು ಮನೆಗಳಲ್ಲಿದೆ. ಅದನ್ನು ಕೊಳ್ಳುವುದು ಎಲ್ಲರಿಗೂ ತಿಳಿದಿದೆ. ಕಿವಿಗೆ ಹೊಂದಿಸಿ ಇಟ್ಟುಕೊಳ್ಳುವುದು ಕೆಲವರಿಗೆ ಮಾತ್ರ ತಿಳಿದಿದೆ.

ಕೆಲವು ತಿಂಗಳ ಹಿಂದೆ ಯುವ ರೈತರೊಬ್ಬರನ್ನು ಅವರ ಪತ್ನಿ ನಮ್ಮ ಆರೋಗ್ಯ ಕೇಂದ್ರಕ್ಕೆ ಕರೆತಂದರು. ಇಯರ್‌ಫೋನಿನ ತುದಿಯ ಮೆತ್ತನೆಯ ರಬ್ಬರ್ ಕಳಚಿ ಅವರ ಬಲಗಿವಿಯೊಳಗೆ ಉಳಿದುಬಿಟ್ಟಿತ್ತು. ಮೊದಲಿನ ರಬ್ಬರ್ ಕಳೆದುಹೋಗಿ, ಬೇರೆ ಯಾವುದೋ ಇಯರ್‌ಫೋನಿನದನ್ನು ಅದರ ಕೊಳವೆಗೆ ಸಿಕ್ಕಿಸಿಕೊಂಡಿದ್ದರಂತೆ. ಅದು ಕೊಳವೆಗೆ ಸಡಿಲವಾಗಿತ್ತು. ಪತ್ನಿ ಹೇರ್‌ಪಿನ್ನಿನಿಂದ ತೆಗೆಯಲು ಹೋದರು. "ತೆಗೀಬೇಕು ಅಂತಾನೇ ಹೋದೆ ಡಾಕ್ಟ್ರೇ, ಅದು ಇನ್ನೂ ಒಳಕ್ಕೆ ಹೋಯ್ತು" ಎಂದು ಅವರು ಅತ್ತರು. ಕಿವಿ, ಮೂಗು, ಗಂಟಲಿನ ತಜ್ಞರು ರಬ್ಬರನ್ನು ಹೊರತೆಗೆದು ನೋಡಿದಾಗ ತಮಟೆಯಲ್ಲಿ ಸಣ್ಣ ರಂಧ್ರವಾಗಿತ್ತು. ಸುಮಾರು ಎರಡು ತಿಂಗಳಲ್ಲಿ ಅದು ತಾನಾಗಿಯೇ ಕೂಡಿಕೊಂಡಿತು. ಅಲ್ಲಿಯವರೆಗೆ ಅವರು ಕಿವಿಗೆ ಒಂದು ಹನಿ ನೀರೂ ಬೀಳದಂತೆ ನೋಡಿಕೊಳ್ಳಬೇಕಾಯಿತು. ಆ ತಾಯಿಯ ಮೇಲೆ ನಾನು ತಪ್ಪು ಹೊರಿಸಲಿಲ್ಲ. ಗಂಡನ ನೋವನ್ನು ನೋಡಿ ಸುಮ್ಮನಿರಲಾಗದೆ ಅವರು ಕೈಹಾಕಿದ್ದರು. ಆದರೆ ಕಿವಿಯೊಳಗೆ ಏನೇ ಸಿಕ್ಕಿಕೊಂಡರೂ ಪಿನ್ನು, ಕಡ್ಡಿ, ಚಿಮಟ ಯಾವುದನ್ನೂ ಹಾಕದೆ, ನೀರನ್ನೂ ಬಿಡದೆ ನೇರವಾಗಿ ವೈದ್ಯರಲ್ಲಿಗೆ ಬರತಕ್ಕದ್ದು.

ಈಗ ಕಿವಿಯ ರಚನೆಯನ್ನು ಸ್ವಲ್ಪ ನೋಡೋಣ. ವಯಸ್ಕರ ಕಿವಿಯ ನಾಳ ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದವಿದ್ದು, ನೇರವಾಗಿರದೆ ಬಳುಕಿಕೊಂಡಿರುತ್ತದೆ. ಹೊರಗಿನ ಮೂರನೆಯ ಒಂದು ಭಾಗ ಮೃದ್ವಸ್ಥಿಯದು. ಅದು ಬಾಗುತ್ತದೆ, ಒತ್ತಡವನ್ನು ತಡೆದುಕೊಳ್ಳುತ್ತದೆ. ಒಳಗಿನ ಭಾಗ ಮೂಳೆಯದು. ಅಲ್ಲಿನ ಚರ್ಮ ಬಹಳ ತೆಳು. ತಾಗಿದರೆ ನೋವು, ಗೀರಿದರೆ ಹುಣ್ಣು. ಇಯರ್‌ಫೋನ್ ಕುಳಿತುಕೊಳ್ಳಬೇಕಾದದ್ದು ಹೊರಗಿನ ಮೆತ್ತನೆಯ ಭಾಗದಲ್ಲಿಯೇ.

ಕಿವಿ ನೋಯುತ್ತದೆಂದು ಬಹಳ ಜನ ತೀರ ಚಿಕ್ಕ ರಬ್ಬರನ್ನು ಹಾಕಿಕೊಳ್ಳುತ್ತಾರೆ. ಇದು ವಿವೇಕವೆಂದು ಕಂಡರೂ ಅನೇಕ ವೇಳೆ ತಪ್ಪು. ಚಿಕ್ಕ ರಬ್ಬರಿಗೆ ಬಾಯಿಯಲ್ಲಿ ಹಿಡಿತ ಸಿಗುವುದಿಲ್ಲ. ಅದು ಒಂದೋ ಬೀಳುತ್ತದೆ, ಇಲ್ಲವೆ ಬೀಳಬಾರದೆಂದು ನಾವು ಒಳಕ್ಕೆ ಒತ್ತಿ ಒತ್ತಿ ಆ ತೆಳು ಚರ್ಮವನ್ನು ಮುಟ್ಟಿಸುತ್ತೇವೆ. ತೀರ ದೊಡ್ಡದಾದರೆ ನಾಳದ ಬಾಯಿಯ ಸುತ್ತ ಬಿಗಿತ, ಸ್ವಲ್ಪ ಹೊತ್ತಿನಲ್ಲಿ ಉರಿ. ಹೊಸ ಇಯರ್‌ಫೋನಿನ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಚಿಕ್ಕ, ಮಧ್ಯಮ, ದೊಡ್ಡ ಎಂಬ ಮೂರು ಅಳತೆಯ ರಬ್ಬರುಗಳಿರುತ್ತವೆ. ಪೆಟ್ಟಿಗೆಯೊಡನೆ ಅವುಗಳನ್ನೂ ತಿಪ್ಪೆಗೆ ಎಸೆಯುವುದು ನಮ್ಮಲ್ಲಿ ರೂಢಿ! ಎಸೆಯಬೇಡಿರಿ. ಮಧ್ಯಮದಿಂದ ಆರಂಭಿಸಿ ಒಂದೊಂದಾಗಿ ಪರೀಕ್ಷಿಸಿರಿ. ಒಬ್ಬರದೇ ಎರಡು ಕಿವಿಗಳೂ ಒಂದೇ ಅಳತೆಯಲ್ಲಿರಬೇಕೆಂದಿಲ್ಲ. ಎಡಕ್ಕೆ ಮಧ್ಯಮ, ಬಲಕ್ಕೆ ದೊಡ್ಡದು ಬೇಕಾಗಬಹುದು. ಹೆಂಗಸರ ಕಿವಿಯ ನಾಳ ಸಾಮಾನ್ಯವಾಗಿ ಗಂಡಸರದಕ್ಕಿಂತ ಕಿರಿದಾಗಿರುವುದರಿಂದ ಗಂಡನಿಗೆ ಹೊಂದಿದ್ದು ಹೆಂಡತಿಗೆ ಹೊಂದದಿರುವುದು ಸಹಜ.

ಇಟ್ಟುಕೊಳ್ಳುವ ಕ್ರಮ ಹೀಗೆ. ಎಡ, ಬಲದ ಗುರುತನ್ನು ಮೊದಲು ನೋಡಿರಿ. ಬಲಗಿವಿಗೆ ಹಾಕುವಾಗ ಎಡಗೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯ ಮೇಲ್ಭಾಗವನ್ನು ಹಿಡಿದು ಮೆಲ್ಲಗೆ ಮೇಲಕ್ಕೂ ಹಿಂದಕ್ಕೂ ಎಳೆಯಿರಿ. ಬಳುಕಿದ ನಾಳ ಆಗ ನೇರವಾಗುತ್ತದೆ. ಬಲಗೈಯಿಂದ ಇಯರ್‌ಫೋನನ್ನು ತುಸು ತಿರುಗಿಸುತ್ತಾ ಒಳಗಿರಿಸಿ ಕಿವಿಯನ್ನು ಬಿಟ್ಟುಬಿಡಿರಿ. ನಾಳ ತನ್ನ ಸ್ಥಿತಿಗೆ ಮರಳಿ ರಬ್ಬರನ್ನು ತಾನೇ ಹಿಡಿದುಕೊಳ್ಳುತ್ತದೆ. ಒತ್ತುವ ಕೆಲಸವೇ ಇಲ್ಲ. ರಬ್ಬರಿಗೆ ಬದಲು ಸ್ಪಂಜಿನಂಥ ತುದಿಯಿದ್ದರೆ ಅದನ್ನು ಬೆರಳುಗಳ ನಡುವೆ ಹೊಸೆದು ತೆಳ್ಳಗೆ ಮಾಡಿ ಒಳಗಿಟ್ಟು, ಅದು ಉಬ್ಬಿಕೊಳ್ಳುವವರೆಗೆ, ಸುಮಾರು ಅರ್ಧ ನಿಮಿಷ, ಬೆರಳಿನಿಂದ ಹಿಡಿದಿರಬೇಕು.

ಸರಿಯಾಗಿ ಕುಳಿತಿದೆಯೇ ಎಂದು ತಿಳಿಯುವುದು ಸುಲಭ. ತಿರುಗುವ ಫ್ಯಾನಿನ ಸದ್ದು ಕುಗ್ಗಬೇಕು. ತಮ್ಮದೇ ಮಾತು ಕೊಡದೊಳಗೆ ಮಾತನಾಡಿದಂತೆ ಕೇಳಬೇಕು. ಹಾಡು ಹಚ್ಚಿದರೆ ಡೊಳ್ಳು, ತಬಲದ ದಪ್ಪ ನಾದ ತುಂಬಿ ಬರಬೇಕು. ಕೀರಲು ದನಿ ಮಾತ್ರ ಬರುತ್ತಿದ್ದರೆ ಎಲ್ಲೋ ಸಂದಿದೆ. ದಪ್ಪ ನಾದ ಆ ಸಂದಿಯಿಂದ ಸೋರಿಹೋಗುತ್ತಿದೆ. ಬಳಿಕ ಅಡಿಕೆ ಅಗಿಯುವಂತೆ ದವಡೆಯಾಡಿಸಿ ನೋಡಿರಿ. ದವಡೆಯ ಕೀಲು ಕಿವಿಯ ನಾಳದ ಎದುರಿಗೇ ಇರುವುದರಿಂದ ಅಗಿಯುವಾಗ, ಮಾತನಾಡುವಾಗ ನಾಳದ ಆಕಾರ ಬದಲಾಗುತ್ತದೆ. ಸುಮ್ಮನಿದ್ದಾಗ ನಿಂತದ್ದು ಆಗ ಜಾರಬಹುದು.

ಜಾರಲು ಬೇರೆ ಕಾರಣಗಳೂ ಉಂಟು. ವೈರಿನ ಭಾರ ಒಂದು. ಅದನ್ನು ಕಿವಿಯ ಮೇಲಿನಿಂದ ಹಿಂದಕ್ಕೆ ಬಳಸಿ ಇಳಿಬಿಟ್ಟು, ಸ್ವಲ್ಪ ಸಡಿಲ ಉಳಿಸಿ, ಅಂಗಿಯ ಕೊರಳಪಟ್ಟಿಗೆ ಸಿಕ್ಕಿಸಿದರೆ ಜಗ್ಗುವುದಿಲ್ಲ. ಮಾಟಿ ಧರಿಸುವ ಸೋದರಿಯರು ಹೀಗೆ ಬಳಸಬಾರದು. ವೈರು ಮಾಟಿಗೆ ತೊಡರಿ ಓಲೆಯ ತೂತನ್ನೇ ಹರಿದೀತು. ಅವರು ನೇರವಾಗಿ ಇಳಿಬಿಡುವುದೇ ಲೇಸು. ಇನ್ನೊಂದು ಕಾರಣ ಬೆವರು ಮತ್ತು ಎಣ್ಣೆ. ತಲೆಗೆ ಎಣ್ಣೆ ಹಚ್ಚಿದ ದಿನ ಒಣಬಟ್ಟೆಯಿಂದ ಕಿವಿಯ ಹೊರಭಾಗವನ್ನೂ ರಬ್ಬರನ್ನೂ ಒರೆಸಿ ಹಾಕಿಕೊಳ್ಳಿರಿ. ಕಿವಿಯೊಳಗೆ ಎಣ್ಣೆ ಬಿಡುವ ಹಳೆಯ ಪದ್ಧತಿಯನ್ನಂತೂ ಕೈಬಿಡಬೇಕು.

ಇಷ್ಟಕ್ಕೂ ಇದನ್ನು ಆರೋಗ್ಯದ ವಿಷಯವೆಂದು ನಾನು ಕರೆಯುವುದೇಕೆ? ಸಡಿಲವಾದ ಇಯರ್‌ಫೋನು ಹೊರಗಿನ ಗದ್ದಲವನ್ನು ಒಳಕ್ಕೆ ಬಿಡುತ್ತದೆ. ಮುಚ್ಚಿಗೆಯಿಲ್ಲದ ಟ್ರ್ಯಾಕ್ಟರಿನ ಮೇಲೆ ಕುಳಿತವರ ಕಿವಿಗೆ ಸುಮಾರು 90 ಡೆಸಿಬೆಲ್ ಸದ್ದು ಬೀಳುತ್ತದೆ. ಅದನ್ನು ಮೀರಿ ಹಾಡು ಕೇಳಬೇಕೆಂದರೆ ದನಿಯನ್ನು ಇನ್ನೂ ಏರಿಸಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರು 80 ಡೆಸಿಬೆಲ್ ದನಿಯನ್ನು ವಾರಕ್ಕೆ 40 ಗಂಟೆಯವರೆಗೆ ಕೇಳಬಹುದು. ಮಕ್ಕಳಿಗೆ ಅಷ್ಟೇ ಅವಧಿಗೆ 75 ಡೆಸಿಬೆಲ್. ದನಿ 3 ಡೆಸಿಬೆಲ್ ಏರಿದರೆ ಅವಧಿ ಅರ್ಧಕ್ಕಿಳಿಯುತ್ತದೆ: 83ಕ್ಕೆ 20 ಗಂಟೆ, 86ಕ್ಕೆ 10 ಗಂಟೆ, 90ಕ್ಕೆ ವಾರಕ್ಕೆಲ್ಲ ಸೇರಿ ಸುಮಾರು 4 ಗಂಟೆ ಮಾತ್ರ. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಚೆನ್ನಾಗಿ ಹೊಂದಿದ ಇಯರ್‌ಫೋನಿನಲ್ಲಿ ಕಡಿಮೆ ದನಿಯೇ ಸಾಕಾಗುತ್ತದೆ. ಫೋನಿನ ದನಿಯನ್ನು ಅರ್ಧಕ್ಕಿಂತ ತುಸು ಮೇಲೆ, ನೂರಕ್ಕೆ ಅರವತ್ತರ ಒಳಗೆ ಇಟ್ಟುಕೊಳ್ಳಿರಿ. ಟ್ರ್ಯಾಕ್ಟರಿನ ಮೇಲಾದರೋ ಹಾಡನ್ನೇ ಬಿಡುವುದು ಕ್ಷೇಮ.

ಆದರೆ ಕಿವಿ ಚೆನ್ನಾಗಿ ಮುಚ್ಚಿದರೆ ಹೊರಗಿನ ಸದ್ದು ಕೇಳದೆಂಬುದನ್ನೂ ನೆನಪಿಡಬೇಕು. ರಸ್ತೆ ದಾಟುವಾಗ, ವಾಹನ ಓಡಿಸುವಾಗ ಕಿವಿ ಬರಿದಾಗಿರಲಿ. ತೊಟ್ಟಿಲಲ್ಲಿ ಕೂಸಿರುವ ಮನೆಯಲ್ಲಿ ತಾಯಿ, ತಂದೆ ಇಬ್ಬರೂ ಏಕಕಾಲಕ್ಕೆ ಎರಡೂ ಕಿವಿ ಮುಚ್ಚಿ ಕೂರುವಂತಿಲ್ಲ. ಒಬ್ಬರ ಕಿವಿಯಾದರೂ ಮಗುವಿಗೆ ತೆರೆದಿರಬೇಕು. ಕಳಚಿಟ್ಟ ರಬ್ಬರುಗಳು ಕೂಸಿನ ಕೈಗೆ ಸಿಗದಿರಲಿ. ಬಾಯಿಗೆ ಹಾಕಿಕೊಂಡರೆ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು.

ರಬ್ಬರನ್ನು ವಾರಕ್ಕೊಮ್ಮೆ ಕಳಚಿ, ಉಗುರು ಬೆಚ್ಚಗಿನ ಸಾಬೂನು ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ ಮತ್ತೆ ಏರಿಸಿರಿ. ಏರಿಸಿದ ಮೇಲೆ ಮೆಲ್ಲಗೆ ಎಳೆದು ನೋಡಿರಿ. ಸುಲಭವಾಗಿ ಕಳಚಿದರೆ ಅದು ಆ ಕೊಳವೆಯದಲ್ಲ. ಇಯರ್‌ಫೋನಿನ ಜಾಲರಿಗೆ ನೀರು ತಾಗಬಾರದು. ಅಲ್ಲಿನ ಗುಗ್ಗೆಯನ್ನು ಒಣ ಮೃದು ಬ್ರಷ್ಷಿನಿಂದ, ಜಾಲರಿಯನ್ನು ಕೆಳಮುಖವಾಗಿ ಹಿಡಿದು ಉದುರಿಸಬೇಕು. ಕಿವಿ ಸೋರುವವರು ಸೋರಿಕೆ ವಾಸಿಯಾಗುವವರೆಗೆ ಇಯರ್‌ಫೋನ್ ಹಾಕಲೇಬಾರದು, ಅವರದನ್ನು ಇತರರು ಬಳಸಲೂಬಾರದು. ಗಂಡಹೆಂಡಿರ ನಡುವೆಯೂ ಈ ಒಂದು ವಿಷಯದಲ್ಲಿ ನನ್ನದು ನಿನ್ನದು ಎಂಬ ಭೇದ ಇರಲಿ ಎನ್ನುತ್ತೇನೆ. ರಬ್ಬರಿನ ಜೊತೆಯಾದರೂ ಇಬ್ಬರಿಗೂ ಬೇರೆ ಬೇರೆ ಇರಲಿ.

ಇಯರ್‌ಫೋನ್ ತೆಗೆದ ಮೇಲೂ ಕಿವಿಯಲ್ಲಿ ಗುಂಯ್‌ಗುಡುವುದು, ಎದುರಿಗಿರುವವರ ಮಾತು ಮಸುಕಾಗಿ ಕೇಳುವುದು ಕಂಡರೆ ಆರೋಗ್ಯ ಕೇಂದ್ರಕ್ಕೆ ಬನ್ನಿರಿ. ಹೆಚ್ಚಿನ ಪರೀಕ್ಷೆಗೆ ಜಿಲ್ಲಾ ಆಸ್ಪತ್ರೆಗೆ ಕಳುಹಿಸುತ್ತೇವೆ. 1965ರಲ್ಲಿ ಆರಂಭವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೂ ನಮ್ಮ ನಾಡಿನಲ್ಲಿಯೇ ಇದೆ.

ಮಾತು ಇಷ್ಟು ಸಾಕು. ಇಯರ್‌ಫೋನ್ ತಂದಿರುವವರು ಜೋಡಿಯಾಗಿ ಮುಂದೆ ಬನ್ನಿರಿ. ಬೇರೆ ಬೇರೆ ಅಳತೆಯ ಹೊಸ ರಬ್ಬರುಗಳು ಈ ಮೇಜಿನ ಮೇಲಿವೆ. ಒಬ್ಬರು ಹಾಕಿಕೊಳ್ಳಲಿ, ಕಿವಿಯನ್ನು ಎಳೆದು ಹಿಡಿಯಲು ಇನ್ನೊಬ್ಬರು ನೆರವಾಗಲಿ. ಯಾವ ಅಳತೆ ಯಾರಿಗೆ ಹೊಂದುತ್ತದೆಂದು ನೋಡೋಣ.