ಚಕ್ರಬಡ್ಡಿ ನಮ್ಮ ಪರ ತಿರುಗಲಿ



ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯವರಾದ ನಮಗೆ ಕಬ್ಬಿನ ದುಡ್ಡು ಗಂಟಾಗಿ ಬರುತ್ತೆ, ಗಂಟಾಗೇ ಹೋಗುತ್ತೆ. ಮಗಳು ಹುಟ್ಟಿದ ವರ್ಷದ ಕಬ್ಬಿನ ಹಣವನ್ನು ನಾನು ಊರಹಬ್ಬ, ಬಾಡೂಟಕ್ಕೇ ಮುಗಿಸಿದೆ. ಅವಳು ಕಾಲೇಜಿಗೆ ಹೊರಟಾಗ ತಿಂಗಳಿಗೆ ನೂರಕ್ಕೆ ಮೂರರಂತೆ ಕೈಸಾಲ ಮಾಡಿದೆ. ಕಟ್ಟಲಾಗದೆ, ಬಡ್ಡಿಗೆ ಬಡ್ಡಿ ಸೇರಿ, ಎರಡೇ ವರ್ಷಕ್ಕೆ ಸಾಲ ಎರಡರಷ್ಟಾಯಿತು.

ಅದೇ ಚಕ್ರ ನಮ್ಮ ಪರವಾಗಿಯೂ ತಿರುಗುತ್ತದೆ. ವರ್ಷಕ್ಕೆ ನೂರಕ್ಕೆ 8ರ ಚಕ್ರಬಡ್ಡಿಯಲ್ಲಿ 10,000 ರೂಪಾಯಿ ಮುಟ್ಟದೆ ಬಿಟ್ಟರೆ 9 ವರ್ಷಕ್ಕೆ ಸುಮಾರು 20,000, 18ಕ್ಕೆ 40,000, 27ಕ್ಕೆ 80,000. ಒಂಬತ್ತು ವರ್ಷ ತಡವಾಗಿ ಶುರು ಮಾಡಿದರೆ ಅರ್ಧವೇ ಕೈತಪ್ಪಿತು!

ಮಗು ಹುಟ್ಟಿದಾಗ ತೆಂಗಿನ ಸಸಿ ನೆಡ್ತೀವಲ್ಲ, ಅದೇ ವರ್ಷ ನಮ್ಮ ಸಂಘದಲ್ಲಿ ಠೇವಣಿಯನ್ನೂ ಇಡೋಣ. ಹೆಣ್ಣುಮಗುವಾದರೆ ಅಂಚೆ ಕಚೇರಿಯಲ್ಲಿ 2015ರಲ್ಲಿ ಬಂದ ಸುಕನ್ಯಾ ಸಮೃದ್ಧಿ ಖಾತೆಯೂ ಇದೆ.