ಎಂಜಿನ್ ಬದಲಿಸುವಾಗ ಮರೆಯಬಾರದ ಮಾತು



ಟ್ರ್ಯಾಕ್ಟರಿನ ಎಂಜಿನ್ ರಿಪೇರಿಗೂ ಬಾರದಷ್ಟು ಕೆಟ್ಟಾಗ ಬೇರೆ ಎಂಜಿನ್ ಕೂರಿಸುವುದುಂಟು. ಅದಕ್ಕೂ ಮೊದಲು ಹಳೆಯದು ಏಕೆ ಕೆಟ್ಟಿತೆಂದು ತಿಳಿಯಿರಿ. ರೇಡಿಯೇಟರಿಗೆ ಹೊಟ್ಟು ಕಟ್ಟಿಕೊಂಡು ಕಾವು ಏರಿತೇ? ಏರ್ ಕ್ಲೀನರಿನ ರಬ್ಬರ್ ಪೈಪು ಸೀಳಿ, ದೂಳು ಒಳಹೊಕ್ಕು ಲೈನರ್, ರಿಂಗುಗಳು ಸವೆದವೇ? ಕಾರಣ ಹಾಗೆಯೇ ಉಳಿದರೆ ಹೊಸ ಎಂಜಿನ್ನಿಗೂ ಅದೇ ಗತಿ.

ಕ್ಲಚ್ ಇರುವುದು ಎಂಜಿನ್ ಮತ್ತು ಗೇರ್‌ಬಾಕ್ಸಿನ ನಡುವೆ. ಅದನ್ನು ಮುಟ್ಟಬೇಕಾದರೆ ಟ್ರ್ಯಾಕ್ಟರನ್ನು ಎರಡು ಭಾಗವಾಗಿ ಬಿಡಿಸಲೇಬೇಕು. ಈಗ ಹೇಗೂ ಬಿಡಿಸಿದ್ದೀರಿ. ಕ್ಲಚ್ ಪ್ಲೇಟು, ರಿಲೀಸ್ ಬೇರಿಂಗು, ಪೈಲಟ್ ಬೇರಿಂಗುಗಳನ್ನು ನೋಡಿ; ಸವೆದಿದ್ದರೆ ಬದಲಿಸಿ. ಕ್ರ್ಯಾಂಕ್‌ಶಾಫ್ಟಿನ ಹಿಂಬದಿಯ ಆಯಿಲ್ ಸೀಲನ್ನಂತೂ ಹೊಸದೇ ಹಾಕಿಸಿ. ಅದು ಸೋರಿದರೆ ಕ್ಲಚ್ ಪ್ಲೇಟಿಗೆ ಎಣ್ಣೆ ತಗುಲಿ ಜಾರುತ್ತದೆ. ಇಲ್ಲಿ ಅಷ್ಟಿಷ್ಟು ಉಳಿಸಲು ಹೋದರೆ ಬಿತ್ತನೆಯ ಹದದಲ್ಲಿ ಮತ್ತೆ ಬಿಡಿಸಬೇಕಾದೀತು; ಕೂಲಿಯೂ ಎರಡು ಸಲ, ಹದವೂ ತಪ್ಪಿತು. ರೇಡಿಯೇಟರ್ ಹೋಸು, ಫ್ಯಾನ್ ಬೆಲ್ಟುಗಳಿಗೂ ಇದೇ ಮಾತು.

ಚಾಲೂ ಮಾಡುವ ಮುನ್ನ ಆಯಿಲ್, ನೀರು ತುಂಬಿಸಿ ಡೀಸೆಲ್ ಪೈಪಿನ ಗಾಳಿ ತೆಗೆಯಿರಿ. ಆಯಿಲ್ ಪ್ರೆಶರ್ ತೋರದಿದ್ದರೆ ಕೂಡಲೇ ನಿಲ್ಲಿಸಿ.

ಕೊನೆಯದಾಗಿ, ಆರ್.ಸಿ.ಯಲ್ಲಿ ಎಂಜಿನ್ ನಂಬರೂ ಇರುತ್ತದೆ. ಆರ್.ಟಿ.ಓ. ಕಚೇರಿಯಲ್ಲಿ ಅದನ್ನು ತಿದ್ದಿಸಿಕೊಳ್ಳಲು, ವಿಮಾ ಕಂಪನಿಗೂ ತಿಳಿಸಲು ಮರೆಯಬೇಡಿ.