ಸರ್ವ್‌ಗೆ ಉತ್ತರ

ಟೇಬಲ್ ಟೆನಿಸ್‌ನಲ್ಲಿ ಒಂದು ಗೇಮ್ ಎಂದರೆ 11 ಅಂಕ. ಎರಡೆರಡು ಸರ್ವ್‌ಗೊಮ್ಮೆ ಸರದಿ ಬದಲಾಗುತ್ತದೆ. ಹಾಗಾಗಿ ಹೆಚ್ಚುಕಡಿಮೆ ಅರ್ಧದಷ್ಟು ಅಂಕಗಳಲ್ಲಿ ನಮ್ಮ ಮೊದಲ ಹೊಡೆತವೇ ಎದುರಾಳಿಯ ಸರ್ವ್‌ಗೆ ಕೊಡುವ ಉತ್ತರ. ಆದರೂ ಹೊಸಬರಿಗೆ ಸ್ಮ್ಯಾಶ್ ಮೇಲಿರುವ ಆಸೆ ಇದರ ಮೇಲಿರುವುದಿಲ್ಲ. ಚೆಂಡು ನೆಟ್‌ಗೆ ಬಿದ್ದರೆ ಕೈ ಪಳಗಿಲ್ಲ ಅಂದುಕೊಳ್ಳುತ್ತಾರೆ. ನಾನು ಕಂಡಂತೆ, ಪಳಗಬೇಕಾದದ್ದು ಮೊದಲು ಕಣ್ಣು.

ಚೆಂಡಿನ ತೂಕ ಬರೀ 2.7 ಗ್ರಾಂ. ಇಷ್ಟು ಹಗುರವಾದದ್ದನ್ನು ರಬ್ಬರ್ ಕಚ್ಚಿ ತಿರುಗಿಸಿ ಕಳಿಸಿದರೆ, ನಮ್ಮ ಬ್ಯಾಟಿಗೆ ತಾಗಿದಾಗಲೂ ಆ ಸ್ಪಿನ್ ಉಳಿದಿರುತ್ತದೆ. ಎದುರಾಳಿ ಚೆಂಡಿನ ಅಡಿಯನ್ನು ಸವರಿದ್ದರೆ ಅದು ಬ್ಯಾಕ್‌ಸ್ಪಿನ್. ಸುಮ್ಮನೆ ಬ್ಯಾಟ್ ಒಡ್ಡಿದರೆ ಚೆಂಡು ಕೆಳಗಿಳಿದು ನೆಟ್‌ಗೆ ಬೀಳುತ್ತದೆ. ಮೇಲ್ಮುಖವಾಗಿ ಸವರಿದ್ದರೆ ಟಾಪ್‌ಸ್ಪಿನ್. ಚೆಂಡು ಚಿಮ್ಮಿ ಮೇಜು ದಾಟುತ್ತದೆ. ಅಡ್ಡಡ್ಡ ಸವರಿದ್ದರೆ, ಅವರ ಬ್ಯಾಟ್ ಹೋದ ದಿಕ್ಕಿಗೇ ನಮ್ಮ ಉತ್ತರವೂ ಜಾರುತ್ತದೆ. ಆದ್ದರಿಂದ ಅವರ ಬ್ಯಾಟ್ ಎಲ್ಲಿಂದ ಹೊರಟಿತ್ತೋ ಆ ಕಡೆಗೆ ಗುರಿ ಇಡಬೇಕು. ಸವರುವ ಆ ಒಂದು ಕ್ಷಣವನ್ನಷ್ಟೇ ನೋಡಿ; ಅದರ ಹಿಂದುಮುಂದಿನ ಕೈಬೀಸು ಕಣ್ಕಟ್ಟು. ನಿಯಮವೂ ನಮ್ಮ ಪರವಾಗಿದೆ: ಸರ್ವ್ ಮಾಡುವವರು ತೆರೆದ ಅಂಗೈಯಿಂದ ಚೆಂಡನ್ನು ಕನಿಷ್ಠ 16 ಸೆಂಟಿಮೀಟರ್ ಮೇಲೆಸೆಯಬೇಕು, ಮೈಯಿಂದಾಗಲಿ ಬಟ್ಟೆಯಿಂದಾಗಲಿ ಅದನ್ನು ಮರೆಮಾಡುವಂತಿಲ್ಲ.

ಮೊದಲು ಕಲಿಯಬೇಕಾದ ಹೊಡೆತ ಪುಶ್. ಬ್ಯಾಕ್‌ಸ್ಪಿನ್‌ಗೆ ಇದೇ ಉತ್ತರ. ಬ್ಯಾಟಿನ ಮುಖವನ್ನು ತುಸು ಮೇಲಕ್ಕೆ ತೆರೆದು, ದೋಸೆಯ ಅಡಿಗೆ ಮಗುಚುವ ಕೈ ತೂರಿಸಿದ ಹಾಗೆ, ಚೆಂಡಿನ ಕೆಳಗಿನಿಂದ ಮುಂದಕ್ಕೆ ತಳ್ಳಬೇಕು. ಮೇಲಕ್ಕೆ ಎತ್ತಿದರೆ ಚೆಂಡು ಎತ್ತರಕ್ಕೆ ಹೋಗಿ ಎದುರಾಳಿಗೆ ಹಬ್ಬವಾಗುತ್ತದೆ. ಪುಟಿದ ಚೆಂಡು ಇನ್ನೂ ಏರುತ್ತಿರುವಾಗಲೇ ಮುಟ್ಟಿ. ನೆಟ್ ಹತ್ತಿರ ಬಿದ್ದರೆ ಕೈಯನ್ನಷ್ಟೇ ಚಾಚಬೇಡಿ. ಬಲಗೈ ಆಟಗಾರರು ಬಲಗಾಲನ್ನು ಮೇಜಿನಡಿಗೆ ಇಟ್ಟು, ಮೈಯನ್ನೂ ಮುಂದೆ ತಂದು ಆಡಿ, ಕೂಡಲೇ ಹಿಂದೆ ಸರಿಯಿರಿ. ಕಾಲು ಹೋಗದೆ ಕೈ ಮಾತ್ರ ಹೋದರೆ ಪುಶ್ ಎಂದಿಗೂ ಹದಕ್ಕೆ ಬರುವುದಿಲ್ಲ.

ಟಾಪ್‌ಸ್ಪಿನ್‌ಗೆ ಬ್ಲಾಕ್. ಬ್ಯಾಟನ್ನು ಸ್ವಲ್ಪ ಮುಂದಕ್ಕೆ ಬಾಗಿಸಿ, ಅಡ್ಡ ಹಿಡಿದರೆ ಸಾಕು. ವೇಗ ಚೆಂಡಿನಲ್ಲೇ ಇದೆ. ಮಣಿಕಟ್ಟಿನ ಫ್ಲಿಕ್ ಆಮೇಲಿನ ಪಾಠ. 2012ರ ಲಂಡನ್ ಒಲಿಂಪಿಕ್ಸ್ ಚಾಂಪಿಯನ್ ಚೀನಾದ ಜಾಂಗ್ ಜಿಕೆ, ಮೇಜಿನ ಮೇಲಿನ ಗಿಡ್ಡ ಸರ್ವ್‌ಗಳನ್ನೇ ಬ್ಯಾಕ್‌ಹ್ಯಾಂಡ್ ಫ್ಲಿಕ್‌ನಿಂದ ದಾಳಿಯಾಗಿಸಿ ಹೆಸರಾದವರು. ಅವರ ಆಟ ನೋಡಿ ಆನಂದಿಸಿ. ಅನುಕರಿಸಲು ಆತುರ ಬೇಡ.

ಅಭ್ಯಾಸಕ್ಕೆ ಜೊತೆಗಾರರಿಂದ ಮೊದಲು ಬರೀ ಬ್ಯಾಕ್‌ಸ್ಪಿನ್ ಸರ್ವ್ ಮಾಡಿಸಿ, ಒಂದೇ ಮೂಲೆಗೆ ಪುಶ್ ಮಾಡಿ. ಆಮೇಲೆ ಸ್ಪಿನ್‌ಗಳನ್ನು ಬೆರೆಸಲಿ. ನೀವು ಹೊಡೆಯುವ ಮುನ್ನವೇ “ಅಡಿ”, “ಮೇಲೆ” ಎಂದು ಜೋರಾಗಿ ಕೂಗಿ. ಕೂಗಿದ್ದು ಸರಿಯಾಗಿದ್ದು ಚೆಂಡು ನೆಟ್‌ಗೆ ಬಿದ್ದರೆ ಬೇಸರ ಬೇಡ. ಬ್ಯಾಟಿನ ಓರೆಯನ್ನು ಒಂದಿಷ್ಟು ಬದಲಿಸಿ, ಅದೇ ಸರ್ವ್ ಮತ್ತೆ ಕೇಳಿ.